ಇಪ್ಪತ್ತೊಂದನೆಯ ಮಷೀನು

"ಚೀಟಿ ಮಂದಿ ಕಡೆ ಇರಬೇಕೋ, ಗ್ವಾಡಿ ಕಡೆ ಇರಬೇಕೋ, ಅಷ್ಟೂ ತಿಳಿಯಂಗಿಲ್ಲೇನೋ ನಿನಗ? ಅನ್ನಾ ತಿಂತೀಯೋ, ದನದ ಸಾಲಾಗ ನಿಂತು ಹುಲ್ಲ ತಿಂತೀಯೋ?"

ಕ್ಲಬ್ಬಿನ ಅಧ್ಯಕ್ಷೆ ಪದ್ಮಜಾತಾಯಿ ಮಗದೂಮರ ಕೈಯಲ್ಲಿದ್ದ ಮೈಕು ಚಾಲೂ ಇತ್ತು. ಬೈಗುಳ ಇಚಲಕರಂಜಿಯ ಆ ಮಂಗಲ ಕಾರ್ಯಾಲಯದ ನಾಲ್ಕೂ ಗೋಡೆಗೆ ಬಡಿದು ತಿರುಗಿ ಬಂತು. ಕುರ್ಚಿಗಳಲ್ಲಿ ಕೂತಿದ್ದ ಮುನ್ನೂರು ಹೆಂಗಸರು ಒಮ್ಮೆಗೇ ನಕ್ಕರು. ಜರಿ ಸೀರೆ, ಮೂಗಿನಲ್ಲಿ ಮುತ್ತಿನ ನತ್ತು, ಕೈಯಲ್ಲಿ ಎಳ್ಳುಂಡೆಯ ಪೊಟ್ಟಣ. ಮೈಕು ಚಾಲೂ ಇದ್ದದ್ದು ಗೊತ್ತಾದ ಮೇಲೆ ಪದ್ಮಜಾತಾಯಿಯೂ ನಕ್ಕುಬಿಟ್ಟರು.

"ಎಂಟನೇತ್ತಾಕ್ಕ ಸಾಲಿ ಬಿಟ್ಟಾಂವ್ರೀ ತಾಯಿ, ಮನಸಿಗೆ ಹಚ್ಕೋಬ್ಯಾಡ್ರಿ," ಎಂದು ವೇದಿಕೆಯ ಕೆಳಗಿನಿಂದ ಮಷೀನು ಅಂಗಡಿಯ ಶೇಟ್ ಕೈಮುಗಿದ.

ಬೈಸಿಕೊಂಡ ಅಂಗಡಿಯ ಹುಡುಗ ಸೋಪಾನ ಶೇಟನ ಮುಖ ನೋಡಿದ. ಹೊಲಿಗೆ ಮಷೀನಿನ ಆ ಬದಿಗೆ ಕಂಪನಿಯ ಹೆಸರಿದೆ, ಅದರ ಮೇಲೆ ಕ್ಲಬ್ಬಿನ ಚೀಟಿ ಅಂಟಿಸಬೇಡ, ಈ ಬದಿಗೆ ಅಂಟಿಸು ಎಂದು ಬೆಳಿಗ್ಗೆ ಅಂಗಡಿಯಲ್ಲಿ ನಿಂತು ತೋರಿಸಿಕೊಟ್ಟವನು ಇದೇ ಶೇಟ್. ಈಗ ಅವನ ಕಣ್ಣು ಛಾವಣಿಯ ಫ್ಯಾನಿನ ಮೇಲಿತ್ತು. ಸೋಪಾನ ಕುಕ್ಕರುಗಾಲಲ್ಲಿ ಕೂತು ಇಪ್ಪತ್ತೊಂದು ಚೀಟಿಗಳನ್ನು ಉಗುರಿನಿಂದ ಕಿತ್ತ. ಮುನ್ನೂರು ಜೋಡಿ ಕಣ್ಣುಗಳ ಎದುರು ಅವನ್ನೇ ಮತ್ತೆ ಇನ್ನೊಂದು ಬದಿಗೆ ಅಂಟಿಸಿದ. ಉಗುರಿನ ಸಂದಿಯಲ್ಲಿ ಗೋಂದು ಕೂತಿತು.

"ದಾರ ಹಾಕಲೇನ್ರೀ?" ಎಂದು ಕೇಳಿದ.

"ದಾರ ಯಾಕ? ಬರೇ ತುಳಿದು ತೋರಿಸೂದೈತಿ, ಫೋಟೋಕ್ಕ," ಎಂದರು ಪದ್ಮಜಾತಾಯಿ.

ಇಂಥದೊಂದು ಮಷೀನಿಗಾಗಿ ಹೋದ ವರ್ಷ ಅವನೇ ಇವರ ಕ್ಲಬ್ಬಿನ ಆಫೀಸಿಗೆ ಮೂರು ಸಲ ಅಲೆದಿದ್ದ. ಅವನ ಅವ್ವ ಹೌಸಾಬಾಯಿ ಮನೆಯಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾಳೆ. ನೂಲು ಎಳೆದೂ ಎಳೆದೂ ಅವಳ ತೋರುಬೆರಳಲ್ಲಿ ಗೀರು ಬಿದ್ದು, ಚಳಿಗಾಲದಲ್ಲಿ ಅದು ಬಾಯಿ ಬಿಡುತ್ತದೆ. ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಹತ್ತಿಯ ಧೂಳು ಕುಡಿದ ಅಪ್ಪ ಮಾರುತಿ ಈಗ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ. ಮಲಗಿದರೆ ಉಸಿರು ಕಟ್ಟುತ್ತದೆ. ಒಂದು ಮಷೀನು ಸಿಕ್ಕರೆ ಅವ್ವ ಓಣಿಯವರ ಜಂಪರು, ಲಂಗ ಹೊಲಿದುಕೊಂಡು ಆ ನೂಲಿನಿಂದ ಪಾರಾಗುತ್ತಿದ್ದಳು. ಕ್ಲಬ್ಬಿನ ಕಾರ್ಯದರ್ಶಿ ಅರವಿಂದ ಚೌಗುಲೆ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿ ಕೊಟ್ಟಿದ್ದ. "ಗಂಡ ಅದಾನಲ್ಲೋ ತಮ್ಮಾ. ನಮ್ಮದು ವಿಧವಾ ಯೋಜನಾ. ನಿಯಮದಾಗ ಕೂಡೂದಿಲ್ಲ."

ಆ ಚೌಗುಲೆಯೇ ಈಗ ಮೈಕಿನ ಮುಂದೆ ನಿಂತಿದ್ದ. ಸಾಂಗ್ಲಿಯಿಂದ ಬಂದ ಕ್ಲಬ್ಬಿನ ಗವರ್ನರು ಕೊರಳಿಗೆ ಬಿಲ್ಲೆಗಳ ದಪ್ಪ ಸರ ಹಾಕಿಕೊಂಡು ನಡುವಿನ ಸೋಫಾದಲ್ಲಿ ಕೂತಿದ್ದರು. ಮಷೀನುಗಳಿಗೆ ಹಣ ಹೇಗೆ ಕೂಡಿಸಿದೆವು ಎಂದು ಚೌಗುಲೆ ವರದಿ ಓದಿದ. ಮಗದೂಮರ ತೋಟದಲ್ಲಿ ಸೀತನಿ ಊಟ, ಆಮೇಲೆ ತಂಬೋಲಾ, ಆಮೇಲೆ ದಂಪತಿಗಳ ಕುಣಿತದ ಸ್ಪರ್ಧೆ. ಹಸಿ ಜೋಳದ ತೆನೆ ಸುಟ್ಟು ತಿಂದವರ ಹೆಸರುಗಳಿಗೆಲ್ಲ ಚಪ್ಪಾಳೆ ಬಿತ್ತು.

"ನಮ್ಮ ಕ್ಲಬ್ಬಿನ್ಯಾಗ ಹಂಗಽ ನೋಡ್ರಿ," ಎಂದ ಚೌಗುಲೆ. "ಎಷ್ಟ ತಿಂತೀರಿ, ಅಷ್ಟ ಪುಣ್ಯಾ."

ಸಭೆ ಉಕ್ಕಿ ನಕ್ಕಿತು. ಗವರ್ನರು ಹೊಟ್ಟೆ ಕುಣಿಸಿ ನಕ್ಕರು.

ಸೋಪಾನನ ಕೆಲಸ ಮುಗಿದಿರಲಿಲ್ಲ. ಹೆಸರು ಕೂಗಿದಂತೆ ಒಂದೊಂದೇ ಮಷೀನನ್ನು ಮುಂದಕ್ಕೆ ತಳ್ಳಬೇಕು, ಸ್ಟೂಲು ಇಡಬೇಕು. ವಿಧವೆ ಬರುತ್ತಾಳೆ. ಪದ್ಮಜಾತಾಯಿ ಅವಳ ಹಣೆಗೆ ಅರಿಸಿನ-ಕುಂಕುಮ ಹಚ್ಚುತ್ತಾರೆ. ಅವಳು ಕೂತು ನಾಲ್ಕು ಸಲ ಮಷೀನು ತುಳಿಯುತ್ತಾಳೆ. ಎಲ್ಲ ಸೇರಿ ಫೋಟೋ. ವಿಧವೆಯರಿಗೆ ಕುಂಕುಮವಿಡುವ ಇಂಥ ಕಾರ್ಯಕ್ರಮ ಈ ಭಾಗದಲ್ಲೇ ಮೊದಲು ಎಂದು ಬ್ಯಾನರಿನಲ್ಲಿ ಬರೆಸಿದ್ದರು. 'ಇಪ್ಪತ್ತೊಂದು ಭಗಿನಿಯರ ಬಾಳಿಗೆ ಬಣ್ಣ' ಎಂದೂ ಇತ್ತು. ಹಣೆ ಬರಿದಾಗಿರಲಿ, ಕುಂಕುಮ ಫೋಟೋದಲ್ಲಿ ಎದ್ದು ಕಾಣಬೇಕು ಎಂದು ಅವರಿಗೆ ಮೊದಲೇ ಹೇಳಿ ಕಳಿಸಿದ್ದರು. ಇಪ್ಪತ್ತು ಹೆಂಗಸರು ಬಂದು ಹೋದರು. ಒಬ್ಬಳೂ ತಲೆ ಎತ್ತಲಿಲ್ಲ.

"ಇಪ್ಪತ್ತೊಂದನೇದ್ದು," ಎಂದ ಚೌಗುಲೆ ಪಟ್ಟಿ ನೋಡುತ್ತ. "ಹೌಸಾಬಾಯಿ. ಕೈಲಾಸವಾಸಿ ಮಾರುತಿ ಲವಟೆ ಅವರ ಪತ್ನಿ."

ಸೋಪಾನನ ಕೈ ಮಷೀನಿನ ಚಕ್ರದ ಮೇಲೆಯೇ ನಿಂತಿತು. ಬೆಳಿಗ್ಗೆ ಅಪ್ಪ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಬಟ್ಟಲನ್ನು ಸರಿಸಿ ಇಟ್ಟಿದ್ದ. ಸಂಜೆ ಬರುವಾಗ ಎಳ್ಳುಂಡೆ ತಾ ಎಂದಿದ್ದ. ಅದೇ ಹೆಸರು. ಲವಟೆ ಮನೆತನದಲ್ಲಿ ಇನ್ನೊಬ್ಬ ಮಾರುತಿ ಇರಲಿಲ್ಲ.

ಮೆಟ್ಟಿಲು ಹತ್ತಿ ಬಂದವಳು ಅವ್ವನೇ. ಕ್ಲಬ್ಬು ಕೊಟ್ಟ ಬೂದಿ ಬಣ್ಣದ ಸೀರೆ. ಹಸಿರು ಬಳೆ ಇಲ್ಲದ ಮುಂಗೈ. ಕರಿಮಣಿ ಇದ್ದಲ್ಲಿ ಕೊರಳ ಸುತ್ತ ಒಂದು ಬಿಳಿಚಿದ ಗೆರೆ. ಹಣೆಯನ್ನು ಎಷ್ಟು ತಿಕ್ಕಿ ತೊಳೆದಿದ್ದಳೆಂದರೆ ಅಲ್ಲಿ ಚರ್ಮ ಕೆಂಪಾಗಿತ್ತು. ಕುರುಂದವಾಡದ ತಂಗಿಯ ಮನೆಗೆ ಹೋಗುತ್ತೇನೆ ಎಂದು ಅವಳು ಹೇಳಿದ್ದಳು. ಮಗನನ್ನು ಕಂಡದ್ದೇ ಅವಳು ಸೆರಗನ್ನು ಕೊರಳ ಮೇಲೆ ಎಳೆದುಕೊಂಡಳು. ಫೋಟೋದವನು ಕ್ಯಾಮೆರಾದ ಬ್ಯಾಟರಿ ಬದಲಿಸುತ್ತಿದ್ದ.

"ನೀ ಜೈಸಿಂಗಪುರಕ್ಕ ಮಾಲ್ ಒಯ್ಯಾಂವ ಇದ್ದೆಲ್ಲಾ?" ಎಂದಳು ತುಟಿ ಅಲುಗಿಸದೆ.

"ಆಯಿ, ಏನಿದು?"

"ಸುಮ್ನಿರು. ಒಂದ ತಾಸಿನ ಮಾತು. ಇಪ್ಪತ್ತೊಂದ್ರಾಗ ಒಬ್ಬಾಕೀನ ಮನ್ಯಾಗ ಬಿಡಲಿಲ್ಲಂತ. ಬ್ಯಾನರ್ ಆಗಿಬಿಟ್ಟೈತಿ ಅಂತ ಚೌಗುಲೆ ಸಾಹೇಬ್ರಽ ನಿನ್ನಿ ಬಂದಿದ್ರು."

"ಆಬಾಗ ಗೊತ್ತದ ಏನು?" ಎಂದು ಅಪ್ಪನ ಬಗ್ಗೆ ಕೇಳಿದ.

ಅವಳು ಮಷೀನಿನ ಹೊಳೆಯುವ ಚಕ್ರವನ್ನು ನೋಡಿದಳು. "ಕರಿಮಣಿ ಕೊಕ್ಕಿ ಬಿಗಿ ಆಗಿತ್ತು. ನನ್ನ ಕೈಲೆ ಬರಲಿಲ್ಲ. ನಿಮ್ಮ ಆಬಾನಽ ಬಿಚ್ಚಿ ಕೊಟ್ರು."

ಪದ್ಮಜಾತಾಯಿ ಬೆಳ್ಳಿಯ ಬಟ್ಟಲಿನೊಂದಿಗೆ ಬಂದರು. ಅವ್ವನ ಗದ್ದ ಹಿಡಿದು ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿ ಕುಂಕುಮ ಹಚ್ಚಿದರು. ಫ್ಲ್ಯಾಶ್ ಬೀಳಲಿಲ್ಲ.

"ತಾಯಿ, ಇನ್ನೊಮ್ಮೆ," ಎಂದ ಫೋಟೋದವನು.

ಪದ್ಮಜಾತಾಯಿ ಕಾಗದದ ಕರವಸ್ತ್ರ ತೆಗೆದು, ಮಗುವಿನ ಮೂಗು ಒರೆಸಿದ ಹಾಗೆ, ಅವ್ವನ ಹಣೆಯ ಕುಂಕುಮ ಒರೆಸಿದರು. ಅವ್ವ ಕಣ್ಣು ಮುಚ್ಚಿದಳು. ಮತ್ತೆ ಹಚ್ಚಿದರು. ಈ ಸಲ ಗವರ್ನರ ಕಣ್ಣು ಮುಚ್ಚಿತ್ತು. ಮತ್ತೆ ಒರೆಸಿದರು, ಮತ್ತೆ ಹಚ್ಚಿದರು. ಕೆಂಪಾದ ಕಾಗದವನ್ನು ಮುದ್ದೆ ಮಾಡಿ ಮಷೀನಿನ ಕೆಳಗೆ ಬಿಸಾಕಿದರು. ಅದು ಸೋಪಾನನ ಚಪ್ಪಲಿಗೆ ತಗುಲಿ ನಿಂತಿತು.

"ಆಯಿ," ಎಂದ ಅವನು. ತಾನು ಅಂದದ್ದು ಅವನಿಗೇ ಗೊತ್ತಾಗಲಿಲ್ಲ.

ಗವರ್ನರು ಮಾತ್ರ ಕೇಳಿಸಿಕೊಂಡರು. "ಅರೆ, ಮಷೀನ್ ತಂದ ಹುಡುಗ ಇವರ ಮಗನಽ ಏನು?" ಎಂದರು. ಅವರ ಕಣ್ಣುಗಳು ನಿಜವಾಗಿಯೂ ಒದ್ದೆಯಾದವು. "ನೋಡ್ರಿ ಯೋಗಾಯೋಗ. ಮಗನ ಕೈಲೆ ತಾಯಿಗೆ ಮಷೀನ್. ಅವನ ಎರಡ ಮಾತು ಆಗಲಿ."

ಪದ್ಮಜಾತಾಯಿಯ ಮುಖ ಅರಳಿತು. ಒಂದು ತಾಸಿನ ಹಿಂದೆ ಹುಲ್ಲು ತಿನ್ನಿಸಿದ ಅದೇ ಮೈಕನ್ನು ಅವನ ಬಾಯಿಯ ಹತ್ತಿರ ತಂದರು. ಇನ್ನೊಂದು ಕೈಯಿಂದ ಅವನ ಅಂಗೈಗೆ ಎಳ್ಳುಂಡೆ ಒತ್ತಿದರು.

"ತಗೋ ಬಾಳಾ, ಬಾಯಿ ಸಿಹಿ ಮಾಡ್ಕೊಂಡು ಹೇಳು. ತಂದಿ ಹೋಗಿ ಎಷ್ಟ ವರ್ಷಾತು? ಕ್ಲಬ್ಬಿನಿಂದ ನಿಮಗೇನ ಅನುಕೂಲ ಆತು?"

ಗವರ್ನರ ಬೆನ್ನ ಹಿಂದೆ ನಿಂತ ಚೌಗುಲೆಯ ಮುಖ ಸುಣ್ಣದ ಗೋಡೆಯಾಗಿತ್ತು. ತಲೆಯನ್ನು ಆಡಿಸಿಯೂ ಆಡಿಸದಂತೆ ಬೇಡ ಎಂದ. ಕೆಳಗೆ ಶೇಟ್ 'ಹೇಳೋ, ಹೇಳೋ' ಎಂದು ಕೈಸನ್ನೆ ಮಾಡುತ್ತಿದ್ದ. ಅವ್ವನ ಕೈ ಸೊಂಟಕ್ಕೆ ಹೋಗಿತ್ತು. ಅಲ್ಲಿ ಕರಿಮಣಿ ಇಟ್ಟು ಸೆರಗಿನ ಅಂಚಿಗೆ ಹಾಕಿದ ಗಂಟೊಂದು ಉಬ್ಬಿತ್ತು. ಅದನ್ನು ಅವಳು ಮುಷ್ಟಿಯಲ್ಲಿ ಹಿಡಿದಿದ್ದಳು.

ಅಪ್ಪ ಮನೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಾನೆ ಎಂದರೆ ಸಾಕಿತ್ತು. ಈ ಮಷೀನನ್ನು ತಿರುಗಿ ಟೆಂಪೋಕ್ಕೆ ಏರಿಸುವ ಕೆಲಸ ತನಗೇ ಬರುತ್ತಿತ್ತು. ಮುನ್ನೂರು ಹೆಂಗಸರ ಎದುರು ಅವ್ವ ಕಳ್ಳಿಯಾಗುತ್ತಿದ್ದಳು, ಚೌಗುಲೆ ಆಗುತ್ತಿರಲಿಲ್ಲ. ಐದು ವರ್ಷವಾಯಿತು ಎಂದರೂ ಸಾಕಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಬೆಳಿಗ್ಗೆ ಕೊಕ್ಕಿ ಬಿಚ್ಚಿ ಅಪ್ಪ ಆ ಮಾತಿಗೆ ತಾನೇ ಒಪ್ಪಿಗೆ ಕೊಟ್ಟಿದ್ದ.

ಮೈಕಿನಲ್ಲಿ ಅವನ ಉಸಿರು ಕಾರ್ಯಾಲಯದ ತುಂಬ ಕೇಳಿಸುತ್ತಿತ್ತು.

ಸೋಪಾನ ಬಗ್ಗಿ ಸ್ಟೂಲನ್ನು ಅವ್ವನ ಹತ್ತಿರ ಸರಿಸಿ ಇಟ್ಟ. ಎಳ್ಳುಂಡೆಯನ್ನು ಮಷೀನಿನ ಮೇಲೆ, ಕ್ಲಬ್ಬಿನ ಚೀಟಿಯ ಪಕ್ಕ, ಇಟ್ಟ. ಮೆಟ್ಟಿಲಿಳಿದು ಕುರ್ಚಿಗಳ ನಡುವಿನ ದಾರಿ ಹಿಡಿದ.

"ಹುಡುಗಗ ದುಃಖ ಉಮ್ಮಳಿಸಿ ಬಂತು," ಎಂದು ಚೌಗುಲೆ ಮೈಕನ್ನು ಕಸಿದುಕೊಂಡು ಹೇಳಿದ್ದು ಬೆನ್ನ ಹಿಂದೆ ಕೇಳಿಸಿತು. "ತಂದಿ ಇಲ್ಲದ ಮಕ್ಕಳ ಸಂಕಟ ನಮಗ ತಿಳೀತೈತಿ." ಚಪ್ಪಾಳೆ ಎದ್ದಿತು. ಅವನು ನಡೆಯುತ್ತಿದ್ದ ಸಾಲುಗಳ ಹೆಂಗಸರು ಅವನ ಮುಖ ನೋಡಿ ನತ್ತು ಸರಿಮಾಡಿಕೊಂಡು ಚ್ಚು ಚ್ಚು ಎಂದರು. ಒಬ್ಬಾಕೆ ಅವನ ತೋಳು ಮುಟ್ಟಿದಳು. "ಶೇಟ್ ಕರೀಲಿಕ್ಕತ್ಯಾನ ನೋಡಪಾ," ಎಂದಳು ಇನ್ನೊಬ್ಬಾಕೆ.

ಹೊರಗೆ ಬಿಸಿಲು. ಟೆಂಪೋದ ಹಿಂದಿನ ಹಲಗೆ ತೆರೆದೇ ಇತ್ತು. ಅವನು ಅದನ್ನು ಮುಚ್ಚಲಿಲ್ಲ. ದಾಟಿ ಹೋದ.

ಗೇಟಿನ ಮೇಲೆ ಕಟ್ಟಿದ ಧ್ವನಿವರ್ಧಕದಲ್ಲಿ ಮಷೀನು ತುಳಿಯುವ ಸದ್ದು ಶುರುವಾಯಿತು. ದಾರವಿಲ್ಲದ ಸೂಜಿ ಟಕ ಟಕ ಎಂದು ಬರಿಗಾಳಿಯಲ್ಲಿ ಏರಿ ಇಳಿಯುತ್ತಿತ್ತು. ಉಳಿದ ಇಪ್ಪತ್ತು ಜನ ನಾಲ್ಕು ಸಲ ತುಳಿದು ಎದ್ದಿದ್ದರು. ಅವ್ವನದು ನಿಲ್ಲಲಿಲ್ಲ. ಓಣಿಯ ತಿರುವಿನ ತನಕ ಬಂತು, ಆಮೇಲೂ ಬಂತು. ಮಗ್ಗಗಳ ಶೆಡ್ಡುಗಳು ಹತ್ತಿರವಾದಂತೆ ಅವುಗಳ ಗದ್ದಲದೊಳಗೆ ಎಲ್ಲಿಯೋ ಸೇರಿಹೋಯಿತು.