ಜೋಡಿ ಹಳದಿಯ ಮೊಟ್ಟೆ

ಕತ್ತಲ ಕೋಣೆಯಲ್ಲಿ ಮೊಟ್ಟೆಯೊಂದನ್ನು ದೀಪದ ಕಿಂಡಿಗೆ ಒತ್ತಿ ಹಿಡಿದರೆ ಅದರ ಚಿಪ್ಪು ಕೆಂಪಗಾಗುತ್ತದೆ. ಏಳು ದಿನ ಕಾವು ಕಂಡ ಮೊಟ್ಟೆಯಾದರೆ ಒಳಗೆ ಎಳೆಎಳೆಯಾಗಿ ನರಗಳು ಕಾಣುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕುತ್ತದೆ. ಯಂತ್ರದಲ್ಲಿ ಕಾವು ಕೊಟ್ಟು ಕೋಳಿಮರಿ ಮಾಡುವ ಹ್ಯಾಚರಿಯಲ್ಲಿ ನನಗೆ ಅದೇ ಕೆಲಸ. ಹನ್ನೊಂದು ವರ್ಷ ಹಾಗೆ ಮೊಟ್ಟೆಗಳ ಒಳಗನ್ನು ಇಣುಕಿ ನೋಡಿ, ಜೀವ ಇರುವುದನ್ನು ಒಂದು ಕಡೆ, ಇಲ್ಲದ್ದನ್ನು ಇನ್ನೊಂದು ಕಡೆ ಇಡುತ್ತಿದ್ದೆ.

ಕಾವಿಗಿಡುವ ಮೊದಲೇ ದೀಪಕ್ಕೆ ಹಿಡಿದು ನೋಡುವಾಗ ಕೆಲವು ಮೊಟ್ಟೆಗಳಲ್ಲಿ ಎರಡು ನೆರಳು ಕಾಣುತ್ತಿದ್ದವು. ಅವು ಜೋಡಿ ಹಳದಿಯವು, ಯಂತ್ರಕ್ಕೆ ಇಡುವಂತಿರಲಿಲ್ಲ. ನನಗೆ ಕೆಲಸ ಕಲಿಸಿದ ಜವರಪ್ಪಣ್ಣ ಮೊದಲ ವಾರವೇ ಹೇಳಿದ್ದರು: "ಇದು ಮರಿ ಆಗಲ್ಲ ಕಣಯ್ಯ. ಒಳಗೆ ಇಬ್ರಿಗೆ ಜಾಗ ಸಾಲಲ್ಲ, ಗಾಳಿ ಸಾಲಲ್ಲ. ಮನೆಗೆ ತಗೊಂಡ್ಹೋಗಿ ಸಾರು ಮಾಡಿಸ್ಕೊ."

ಹಾಗೆ ತಂದ ಮೊಟ್ಟೆಗಳನ್ನು ನನ್ನ ಹೆಂಡತಿ ಕುಮುದ ಆಸೆಪಟ್ಟು ತಿನ್ನುತ್ತಿದ್ದಳು. ಬಸುರಿಯಾದ ಮೇಲೂ ಬಿಡಲಿಲ್ಲ. ಅವಳ ತಾಯಿ, ಅಂದರೆ ನಮ್ಮ ಅತ್ತೆ, ತಿಂದರೆ ಅವಳಿ ಹುಟ್ಟುತ್ತವೆಂದು ಜೋಡಿ ಬಾಳೆಹಣ್ಣನ್ನು ಮಗಳ ಕಣ್ಣಿಗೂ ಬೀಳದಂತೆ ಬಚ್ಚಿಡುತ್ತಿದ್ದರು. ಮೊಟ್ಟೆಯ ವಿಷಯ ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಸ್ಕ್ಯಾನಿಂಗ್ ಮಾಡಿದ ದಿನ ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿ, "ಇಲ್ನೋಡಿ, ಒಂದಲ್ಲ, ಎರಡು," ಎಂದರು.

ಕುಮುದ ಮಲಗಿದ್ದಲ್ಲಿಂದಲೇ ನಕ್ಕಳು. "ನೀವು ತಂದ ಮೊಟ್ಟೆ ಕೆಲಸ ಮಾಡ್ತು ನೋಡಿ."

ನಾನೂ ನಕ್ಕಂತೆ ಮಾಡಿದೆ. ಆ ಮಬ್ಬು ಪರದೆಯಲ್ಲಿ ನನಗೆ ಕಂಡದ್ದು ಕಿಂಡಿಗೆ ಒತ್ತಿದ ಮೊಟ್ಟೆ, ಅದರೊಳಗೆ ಎರಡು ನೆರಳು. ಕಣ್ತಪ್ಪಿ ಯಂತ್ರ ಸೇರಿದ ಜೋಡಿ ಮೊಟ್ಟೆಗಳನ್ನು ಕೊನೆಗೆ ಒಡೆದಾಗ ಒಳಗೆ ಏನಿರುತ್ತಿತ್ತೆಂಬುದನ್ನು ನಾನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. ಮೊಟ್ಟೆ ತರುವುದನ್ನು ನಿಲ್ಲಿಸಿದೆ, ಅಷ್ಟೆ.

ಏಳು ತಿಂಗಳು ತುಂಬಿ ನಾಲ್ಕು ದಿನಕ್ಕೆ, ಕುಮುದ ಸೊಪ್ಪು ಬಿಡಿಸುತ್ತ ಕೂತಿದ್ದಾಗ ನೀರು ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಮಾಡಿ ಇಬ್ಬರನ್ನೂ ತೆಗೆದರು. ಎರಡೂ ಹೆಣ್ಣು. ದೊಡ್ಡದು ಒಂದು ಕಿಲೋ ನಾನೂರು ಗ್ರಾಂ, ಚಿಕ್ಕದು ಒಂದು ಕಿಲೋ ನೂರು. ಒಂದು ದಿನದ ಕೋಳಿಮರಿ ನಲವತ್ತು ಗ್ರಾಂ ತೂಗುತ್ತದೆ, ಆ ಲೆಕ್ಕದಲ್ಲಿ ಇವು ಭೀಮರೇ ಎಂದು ನನಗೆ ನಾನೇ ಹೇಳಿಕೊಂಡೆ. ಎಳೆಮಕ್ಕಳ ವಾರ್ಡಿನ ದೇವೀರಮ್ಮ ಸಿಸ್ಟರ್ ಪುಟ್ಟ ಕಾಲುಗಳಿಗೆ ಚೀಟಿ ಕಟ್ಟಿದರು: ಕುಮುದ ಒಂದು, ಕುಮುದ ಎರಡು.

ಇಬ್ಬರನ್ನೂ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿಸಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಪೆಟ್ಟಿಗೆಯ ಭಾಷೆ ನನಗೆ ಗೊತ್ತಿತ್ತು. ಶಾಖ ಎಷ್ಟು, ತೇವ ಎಷ್ಟು ಎಂದು ಮುಳ್ಳು ನೋಡುತ್ತ ನಿಲ್ಲುತ್ತಿದ್ದೆ. ಯಾರಾದರೂ ಪೆಟ್ಟಿಗೆಯ ಕಿಟಕಿ ತೆಗೆದರೆ ಅದನ್ನು ಮುಚ್ಚುವವರೆಗೆ ಮುಳ್ಳಿನಿಂದ ಕಣ್ಣು ಕೀಳುತ್ತಿರಲಿಲ್ಲ.

"ಎಷ್ಟು ಸಲ ತೆಗೀತೀರಿ ಸಿಸ್ಟರ್, ಕಾವು ಹೋಗಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಹಾಲು ಹಾಕ್ಬೇಡ್ವಾ? ಬಟ್ಟೆ ಬದಲಾಯಿಸ್ಬೇಡ್ವಾ? ನಿಮ್ಮ ಕೋಳಿ ಉಸ್ತುವಾರಿನೆಲ್ಲ ಹೊರಗೆ ಬಿಟ್ಟು ಬನ್ನಿ," ಎಂದರು ದೇವೀರಮ್ಮ.

ಬಿಟ್ಟು ಬರುವುದು ನನ್ನಿಂದಾಗುವ ಮಾತಾಗಿರಲಿಲ್ಲ. ಹ್ಯಾಚರಿಯಲ್ಲಿ ಕೊನೆಯ ಮೂರು ದಿನ ಯಂತ್ರದ ಬಾಗಿಲು ತೆಗೆಯುವಂತಿಲ್ಲ. ಒಳಗೆ ಮರಿಗಳು ಚಿಪ್ಪು ಒಡೆಯಲಾರದೆ ಚೀರುತ್ತಿದ್ದರೂ ಕೈ ಹಾಕುವಂತಿಲ್ಲ. ಕೆಲಸಕ್ಕೆ ಸೇರಿದ ವರ್ಷ ನಾನು ತಡೆಯಲಾರದೆ ಒಂದು ಮರಿಯ ಚಿಪ್ಪು ಬಿಡಿಸಿದ್ದೆ. ಅದರ ಮೈಯಿಂದ ರಕ್ತ ಒಸರಿ, ನನ್ನ ಅಂಗೈಯಲ್ಲೇ ಎರಡು ಸಲ ಬಾಯಿ ತೆರೆದು ಸುಮ್ಮನಾಯಿತು. ಜವರಪ್ಪಣ್ಣ ಬೈಯಲಿಲ್ಲ. "ಕೊಂದಿದ್ದು ನಿನ್ನ ಕೈಯೇ. ಇನ್ಮೇಲೆ ನೆನಪಿರಲಿ," ಎಂದರು. ನೆನಪಿತ್ತು.

ಒಂಬತ್ತನೇ ದಿನ ದೇವೀರಮ್ಮ ನನ್ನನ್ನು ಕರೆದರು. ದೊಡ್ಡದನ್ನು ಕುಮುದ ಮೂರು ದಿನದಿಂದ ಬರಿಮೈಗೆ ಅವುಚಿಕೊಂಡು ಕೂರುತ್ತಿದ್ದಳು, ಅದು ಚೇತರಿಸಿಕೊಳ್ಳುತ್ತಿತ್ತು. ರಕ್ತ ಬಹಳ ಹೋಗಿದ್ದರಿಂದ ಅವಳಿಗೆ ಒಂದು ಗಂಟೆಗಿಂತ ಹೆಚ್ಚು ಕೂರಲಾಗುತ್ತಿರಲಿಲ್ಲ. ಅತ್ತೆಗೆ ಕೆಮ್ಮು, ಒಳಗೆ ಬಿಡುತ್ತಿರಲಿಲ್ಲ. ಚಿಕ್ಕದು ತೂಕ ಕಳೆದುಕೊಳ್ಳುತ್ತಿತ್ತು. ಆಗಾಗ ಉಸಿರಾಡುವುದನ್ನೇ ಮರೆಯುತ್ತಿತ್ತು, ಆಗ ಪಕ್ಕದ ಮಾನಿಟರ್ ಕೂಗುತ್ತಿತ್ತು.

"ಅಂಗಿ ಬಿಚ್ಚಿ, ಸೋಪು ಹಾಕಿ ಮೈಕೈ ತೊಳ್ಕೊಂಡು ಬನ್ನಿ. ಇದನ್ನ ನೀವು ಎದೆಗೆ ಹಾಕ್ಕೊಬೇಕು," ಎಂದರು.

"ನನ್ನ ಕೈಯಲ್ಲಿ ಬೇಡ ಸಿಸ್ಟರ್. ಪೆಟ್ಟಿಗೇಲೇ ಇರಲಿ."

"ಡಾಕ್ಟ್ರು ಹೇಳಿರೋದು."

"ಬೇಡ," ಎಂದು ಹೊರಗೆ ಬಂದುಬಿಟ್ಟೆ. ಮರುದಿನವೂ ಹಾಗೇ ಮಾಡಿದೆ. ಹನ್ನೊಂದನೇ ದಿನ ಬೆಳಿಗ್ಗೆ ಚಿಕ್ಕದರ ತೂಕ ಒಂಬೈನೂರ ಎಂಬತ್ತು ಗ್ರಾಂ ಆಗಿತ್ತು. ದೇವೀರಮ್ಮ ನನ್ನ ಜೊತೆ ಮಾತು ಬಿಟ್ಟು ನೇರವಾಗಿ ಕುಮುದಳ ಬಳಿ ಹೋದರು.

ಕುಮುದ ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡಳು. "ಯಾಕೆ ಹೀಗೆ ಮಾಡ್ತಿದ್ದೀರಿ? ಹೆಣ್ಣು ಅಂತ ಬೇಜಾರಾ?"

ಅವಳು ಹಾಗೆ ಅಂದುಕೊಂಡಿರಬಹುದೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಎಲ್ಲವನ್ನೂ ಹೇಳಿದೆ: ಜೋಡಿ ಮೊಟ್ಟೆಗಳ ಗತಿ, ಒಡೆದಾಗ ಒಳಗೆ ಸತ್ತಿರುತ್ತಿದ್ದ ಎರಡೆರಡು ಮರಿ, ಅಂಗೈಯಲ್ಲಿ ಸತ್ತ ಮರಿ. "ನಾನು ಮುಟ್ಟಿದ್ರೆ ಅದು ಉಳಿಯಲ್ಲ ಕುಮುದ. ಎರಡರಲ್ಲಿ ಒಂದಾದ್ರೂ ಉಳಿಯಲಿ ಅಂತ..." ಎಂದೆ. ಹೌದು, ಚಿಕ್ಕದನ್ನು ನಾನು ಜೀವವಿಲ್ಲದ ಮೊಟ್ಟೆಯಂತೆ ಮನಸ್ಸಿನಲ್ಲೇ ಇನ್ನೊಂದು ಕಡೆ ಇಟ್ಟುಬಿಟ್ಟಿದ್ದೆ. ಆ ಮಾತು ಬಾಯಿಗೆ ಬಂದಾಗಲೇ ನನಗೂ ಅದು ಗೊತ್ತಾದದ್ದು.

ಅವಳು ಮೆಲ್ಲಗೆ, "ನಾನು ಮೊಟ್ಟೆ ಅಲ್ಲ ರೀ. ನಂಗೆ ಎರಡೂ ಬೇಕು," ಎಂದಳು. ಮತ್ತೆ ಕೇಳಿದಳು: "ನಿಮ್ಮ ಹ್ಯಾಚರೀಲಿ ಹೇಂಟೆ ಕಾವಿಗೆ ಕೂತಿದ್ದನ್ನ ಯಾವತ್ತಾದ್ರೂ ನೋಡಿದ್ದೀರಾ?"

ನೋಡಿರಲಿಲ್ಲ. ಆ ಇಡೀ ಕಟ್ಟಡದಲ್ಲಿ ಒಂದೇ ಒಂದು ಹೇಂಟೆ ಇರಲಿಲ್ಲ.

ಮಧ್ಯಾಹ್ನ ಅಂಗಿ ಬಿಚ್ಚಿ, ಮೊಣಕೈವರೆಗೆ ಮೂರು ಸಲ ತೊಳೆದುಕೊಂಡು ಕುರ್ಚಿಯಲ್ಲಿ ಕೂತೆ. ದೇವೀರಮ್ಮ ಪೆಟ್ಟಿಗೆಯ ಬಾಗಿಲು ಪೂರ್ತಿ ತೆರೆದರು. ಚಿಕ್ಕದನ್ನು ಕಪ್ಪೆಯ ಹಾಗೆ ಕೈಕಾಲು ಮಡಿಸಿ ನನ್ನ ಎದೆಯ ಮೇಲೆ ಕವುಚಿ ಹಾಕಿ, ಅತ್ತೆಯ ಹಳೇ ಸೀರೆಯ ತುಂಡಿನಿಂದ ಇಬ್ಬರನ್ನೂ ಸೇರಿಸಿ ಬಿಗಿದರು. ಅದಕ್ಕೆ ಭಾರವೇ ಇರಲಿಲ್ಲ. ನನ್ನ ಗುಂಡಿಗೆ ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ಅದು ಮೇಲೆ ಕೆಳಗೆ ಕುಲುಕುತ್ತಿತ್ತು. ಕೈಗಳನ್ನು ಕುರ್ಚಿಯ ತೋಳಿಗೆ ಒತ್ತಿ ಹಿಡಿದಿದ್ದೆ, ಮುಟ್ಟುವ ಧೈರ್ಯವಾಗಲಿಲ್ಲ.

ಅರ್ಧ ಗಂಟೆ ಕಳೆದಿರಬೇಕು. ಮಾನಿಟರ್ ಕೂಗಿತು. ಎದೆಯ ಮೇಲಿನ ಆ ಸಣ್ಣ ಏರಿಳಿತ ನಿಂತಿತ್ತು. ದೇವೀರಮ್ಮ ವಾರ್ಡಿನ ಆ ತುದಿಯಲ್ಲಿ ಬೇರೊಂದು ಮಗುವಿನ ಮೂಗಿಗೆ ನಳಿಕೆ ಹಾಕುತ್ತಿದ್ದರು, ಕೈ ತೆಗೆಯುವಂತಿರಲಿಲ್ಲ.

"ಬೆನ್ನು ಉಜ್ಜಿ," ಎಂದು ಅಲ್ಲಿಂದಲೇ ಕೂಗಿದರು. "ನಿಮಗೇ ಹೇಳ್ತಿರೋದು. ಬೆನ್ನು ಉಜ್ಜಿ."

ಅದರ ತುಟಿಯ ಸುತ್ತ ನೀಲಿಗಟ್ಟುತ್ತಿತ್ತು. ನನ್ನ ಕೈ ಕುರ್ಚಿ ಬಿಡಲಿಲ್ಲ. ಒಂದು ಕ್ಷಣ, ಎರಡೂ ಇರಬಹುದು. ಆ ಕ್ಷಣಗಳಿಗೆ ನನಗೆ ಇವತ್ತಿಗೂ ಕ್ಷಮೆಯಿಲ್ಲ. ಆಮೇಲೆ ಸೀರೆಯ ತುಂಡಿನೊಳಗೆ ಕೈ ತೂರಿಸಿ, ನನ್ನ ಎರಡು ಬೆರಳಿನಗಲದ ಆ ಬೆನ್ನನ್ನು ಉಜ್ಜಿದೆ. ಏನೂ ಆಗಲಿಲ್ಲ. ಇನ್ನೂ ಒತ್ತಿ ಉಜ್ಜಿದೆ. ಅದು ಮೈ ಮುರಿದು, ಸಿಟ್ಟಿನಿಂದಲೋ ಎಂಬಂತೆ ಮುಖ ಕಿವುಚಿ, ಉಸಿರೆಳೆದುಕೊಂಡಿತು. ಮಾನಿಟರ್ ಸುಮ್ಮನಾಯಿತು. ನಾನು ಅಳುತ್ತಿದ್ದೆ, ಕೈ ಮಾತ್ರ ನಿಲ್ಲಿಸಲಿಲ್ಲ.

"ಸಾಕು, ಸಾಕು, ಮಗು ಚರ್ಮ ಉಳೀಲಿ," ಎಂದರು ಹತ್ತಿರ ಬಂದ ದೇವೀರಮ್ಮ.

ಮುಂದಿನ ದಿನಗಳಲ್ಲಿ ಅಂಥ ಕೂಗು ಹಲವು ಸಲ ಕೇಳಿಸಿತು. ಪ್ರತಿ ಸಲವೂ ಕೈ ತಾನಾಗಿ ಹೋಗುತ್ತಿತ್ತು. ಎದೆಗೆ ಹಾಕಿಕೊಳ್ಳತೊಡಗಿದ ನಾಲ್ಕನೇ ದಿನ ಅದರ ತೂಕ ಹತ್ತು ಗ್ರಾಂ ಹೆಚ್ಚಿತು. ಹುಟ್ಟಿ ನಲವತ್ತೆರಡು ದಿನಕ್ಕೆ ಇಬ್ಬರನ್ನೂ ಮನೆಗೆ ಕರೆತಂದೆವು. ದೊಡ್ಡದಕ್ಕೆ ವನಜೆ, ಚಿಕ್ಕದಕ್ಕೆ ಗಿರಿಜೆ ಎಂದು ಹೆಸರಿಟ್ಟೆವು. ಅತ್ತೆ ತಿಂಗಳುಗಟ್ಟಲೆ ಬೀದಿಯವರಿಗೆಲ್ಲ ಜೋಡಿ ಬಾಳೆಹಣ್ಣಿನ ಮೇಲೇ ದೂರು ಹೇಳಿದರು.

ಒಮ್ಮೆ ನಾನು ಜವರಪ್ಪಣ್ಣನ ಕಣ್ತಪ್ಪಿಸಿ ಒಂದು ಜೋಡಿ ಮೊಟ್ಟೆಯನ್ನು ಯಂತ್ರಕ್ಕೆ ಇಟ್ಟು ನೋಡಿದೆ. ಅದು ಮರಿಯಾಗಲಿಲ್ಲ. ಮೊಟ್ಟೆಯ ಮಟ್ಟಿಗೆ ಅವರ ಮಾತು ಸರಿಯೇ.

ಮಕ್ಕಳಿಗೆ ಆರು ತುಂಬಿದ ವರ್ಷ, ಹಟ ಮಾಡಿದರೆಂದು ಇಬ್ಬರನ್ನೂ ಹ್ಯಾಚರಿಗೆ ಕರೆದುಕೊಂಡು ಹೋದೆ. ಕತ್ತಲ ಕೋಣೆಯಲ್ಲಿ ನಾನು ಮೊಟ್ಟೆ ತೋರಿಸುವ ಮೊದಲೇ ಗಿರಿಜೆ ತನ್ನ ಅಂಗೈಯನ್ನು ದೀಪದ ಕಿಂಡಿಗೆ ಒತ್ತಿದಳು. ಬೆರಳುಗಳ ಸಂದೆಲ್ಲ ಕೆಂಪಾಯಿತು. "ನಂಗೂ ಬಿಡೇ," ಎಂದು ವನಜೆ ತಳ್ಳಿದಳು. ಕಿಂಡಿ ಒಂದು ಮೊಟ್ಟೆಗೆ ಸಾಲುವಷ್ಟೇ ಇತ್ತು. ಇಬ್ಬರೂ ಸ್ವಲ್ಪ ಹೊತ್ತು ಗುದ್ದಾಡಿದರು, ಆಮೇಲೆ ಗಿರಿಜೆ ತನ್ನ ಕೈಯನ್ನು ಅರ್ಧ ಸರಿಸಿದಳು. ಕತ್ತಲಲ್ಲಿ ಎರಡು ಪುಟ್ಟ ಕೈಗಳು, ಒಂದಕ್ಕೊಂದು ಒತ್ತಿಕೊಂಡು, ಅರ್ಧರ್ಧ ಕೆಂಪಗೆ ಹೊಳೆಯುತ್ತಿದ್ದವು.