ಮುಕ್ಕಾಲು ಗಂಟೆಯ ರಫೀಕಾ

ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಎಂಟಕ್ಕೆ ರಫೀಕಾ ನಮ್ಮ ಓಣಿಗೆ ಬರುತ್ತಿದ್ದಳು. ಬಿಜೆರ್ತೆ ಪಟ್ಟಣದ ಹಳೇ ಬಂದರಿನ ಹಿಂದಿನ ಓಣಿ ಅದು. ತಮ್ಮ ಮನೆ ಬಿಟ್ಟು ಕದಲೆವು ಎನ್ನುವ ವಯಸ್ಸಾದವರಿಗೆ ಕೈನೆರವಾಗಲಿ ಎಂದು ಒಂದು ಸಂಘ ಅವಳನ್ನು ಕಳಿಸುತ್ತಿತ್ತು. ನಲವತ್ತೈದು ದಾಟಿದ, ಗಟ್ಟಿ ತೋಳಿನ ಹೆಂಗಸು. ಮೊದಲು ಬೆಯ್ಯಾಳ ಮನೆ, ಒಂದೂವರೆ ಗಂಟೆ. ಆಮೇಲೆ ಪಕ್ಕದ ದೂಜಾಳ ಮನೆ, ಮುಕ್ಕಾಲು ಗಂಟೆ. ಇಬ್ಬರನ್ನೂ ಅವಳು ಗೌರವದಿಂದ 'ಲೆಲ್ಲಾ' ಎಂದೇ ಕರೆಯುತ್ತಿದ್ದಳು.

ಆ ಒಂದೂವರೆ ಗಂಟೆಯೂ ದೂಜಾ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಎರಡು ಮನೆಗೂ ಒಂದೇ ಗೋಡೆ. ಆಚೆ ನೀರು ಸುರಿಯುವ ಸದ್ದು, ಆಮೇಲೆ ನಗು. ಮೊದಲು ರಫೀಕಾಳದು, ಹಿಂದೆಯೇ ಕೆಮ್ಮು ಬೆರೆತ ಬೆಯ್ಯಾಳದು. ಕೇಳಿದಾಗಲೆಲ್ಲ ದೂಜಾಳ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು.

ದೂಜಾ ಮೂವತ್ತೆಂಟು ವರ್ಷ ಸೂಲಗಿತ್ತಿಯಾಗಿದ್ದವಳು. ಓಣಿಯ ಅರ್ಧ ಜನ ಹುಟ್ಟಿದ್ದು ಅವಳ ಕೈಯಲ್ಲಿ, ನಾನೂ ಸೇರಿ. ಊರೆಲ್ಲ ಅವಳ ದಾರಿ ಕಾಯುತ್ತಿದ್ದ ಕಾಲವೊಂದಿತ್ತು. ಬೆಯ್ಯಾ ಮೀನಿನ ಕಾರ್ಖಾನೆಯಲ್ಲಿ ಬೂತಾಯಿಗಳ ತಲೆ ಕತ್ತರಿಸುತ್ತಿದ್ದವಳು. ಅಂಥವಳಿಗೆ ಎರಡು ಪಟ್ಟು ಹೊತ್ತು!

ತಪ್ಪು ದೂಜಾಳದೇ. ಹಿಂದಿನ ವರ್ಷ ಸಂಘದ ಶೆರೀಫಾ ಮೇಡಂ, ಯಾರಿಗೆ ಎಷ್ಟು ಹೊತ್ತು ಎಂದು ಗೊತ್ತುಮಾಡಲು ಪ್ರಶ್ನೆಗಳ ಹಾಳೆ ಹಿಡಿದು ಬಂದಾಗ, "ನಾನೇನು ಮುದುಕಿಯಾ?" ಎಂದು ಸ್ಟೂಲು ಹತ್ತಿ ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಿ ತೋರಿಸಿದ್ದಳು. ಬೆಯ್ಯಾ ಮಾತ್ರ, "ಚಮಚ ಹಿಡಿಯೋಕಾಗಲ್ಲಮ್ಮ" ಎಂದು ಸೊಟ್ಟಗಾದ ಬೆರಳು ತೋರಿಸಿದ್ದಳು.

ಪ್ರವಾದಿಯವರ ಜನ್ಮದಿನಕ್ಕೆ ರಫೀಕಾ ತನ್ನ ಮನೆಯಿಂದ ಪೈನ್ ಬೀಜದ ಕಪ್ಪು ಪಾಯಸ ತಂದಳು. ಬೆಯ್ಯಾಳ ಬಟ್ಟಲಿನ ಮೇಲೆ ಬಾದಾಮಿ, ಪಿಸ್ತಾಗಳ ಹೂವಿನ ಚಿತ್ತಾರ. ದೂಜಾಳ ಬಟ್ಟಲು ಬೋಳು. ಹಲ್ಲಿನ ಸೆಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಬಾದಾಮಿ ಬೇಡ ಎಂದು ಹಿಂದಿನ ವಾರ ತಾನೇ ಹೇಳಿದ್ದು ಅವಳಿಗೆ ನೆನಪಾಗಲಿಲ್ಲ. ನೆನಪಾಗಿದ್ದರೂ ಒಪ್ಪುತ್ತಿರಲಿಲ್ಲ.

ಅದಾದ ಎರಡು ವಾರಕ್ಕೆ ಶೆರೀಫಾ ಮೇಡಂ ರಫೀಕಾಳ ಜೊತೆ ಮತ್ತೆ ಹಾಳೆ ಹಿಡಿದು ಬಂದರು. ದೂಜಾ ತಲೆ ಬಾಚಿರಲಿಲ್ಲ. ಒಲೆಯ ಮೇಲೆ ಬರೀ ಪಾತ್ರೆ ಸೀಯುತ್ತಿತ್ತು.

"ಒಲೆ ಹಚ್ಚಿದ್ದು ಮರೆತ್ರಾ, ಲೆಲ್ಲಾ ದೂಜಾ?" ಎಂದು ರಫೀಕಾ ಓಡಿಹೋಗಿ ಆರಿಸಿದಳು.

ದೂಜಾ ಅವಳನ್ನೇ ದಿಟ್ಟಿಸಿ, "ನೀನ್ಯಾರ ಮಗಳಮ್ಮ?" ಎಂದಳು.

ರಫೀಕಾ ನೆಲಕ್ಕೆ ಕೂತು ದೂಜಾಳ ಎರಡೂ ಕೈ ಹಿಡಿದು, "ನಾನು, ರಫೀಕಾ. ನೋಡಿ, ಸರಿಯಾಗಿ ನೋಡಿ" ಎಂದು ಅತ್ತೇಬಿಟ್ಟಳು. ಬೆಯ್ಯಾಳಿಗಾಗಿ ಅವಳು ಅತ್ತಿದ್ದನ್ನು ದೂಜಾ ಎಂದೂ ಕೇಳಿರಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಅವಳ ಹೊಟ್ಟೆ ತಣ್ಣಗಾಯಿತು.

ಶೆರೀಫಾ ಮೇಡಂ ಅಳಲಿಲ್ಲ. ಬಾಗಿಲ ಬಳಿ ನಿಂತು ರಫೀಕಾಳಿಗೆ ಹೇಳಿದ್ದು ದೂಜಾಳಿಗೆ ಸ್ಪಷ್ಟವಾಗಿ ಕೇಳಿಸಿತು: "ಹೆಚ್ಚು ಹೊತ್ತು ಕೊಟ್ಟರೂ ಪ್ರಯೋಜನವಿಲ್ಲ. ಇವರನ್ನ ಒಬ್ಬರನ್ನೇ ಬಿಡೋ ಹಾಗಿಲ್ಲ. ವೃದ್ಧಾಶ್ರಮಕ್ಕೆ ಬರೀತೀನಿ."

ಇದೆಲ್ಲ ನಾಟಕ ಎಂದು ಒಪ್ಪಿಕೊಂಡರೆ ರಫೀಕಾಳ ಮುಂದೆ ಮಾನ ಹೋಗುತ್ತದೆ. ಸುಮ್ಮನಿದ್ದರೆ ಮನೆ ಹೋಗುತ್ತದೆ. ಅವಳು ಸುಮ್ಮನಿದ್ದಳು. ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಬಾಗಿಲು ದಬದಬ ಬಡಿದ ಸದ್ದಾಯಿತು. ಆರು ತಿಂಗಳಿಂದ ಹೊಸ್ತಿಲು ದಾಟದ ಬೆಯ್ಯಾ, ಗೋಡೆ ಹಿಡಿದು ಹಿಡಿದು ಬಂದು ಏದುಸಿರು ಬಿಡುತ್ತಿದ್ದಳು.

"ಏ ದೂಜಾ, ನಾನ್ಯಾರು ಹೇಳು?"

ದೂಜಾ ಮುಖ ತಿರುಗಿಸಿ ಮಂಚದ ಮೇಲಿನ ಕಂಬಳಿ ಸರಿಮಾಡಿದಳು.

"ಗೊತ್ತಿಲ್ವಾ? ಒಳ್ಳೇದಾಯ್ತು. ಈ ಹೊಸಾ ಕಂಬಳಿ ನಂದೇ. ಎತ್ಕೊಂಡು ಹೋಗ್ತೀನಿ."

"ಮುಟ್ಟಿ ನೋಡು!" ದೂಜಾಳ ಬಾಯಿಂದ ಹಾರಿತು.

ಬೆಯ್ಯಾ ಮಂಚದ ಮೇಲೆ ಕುಸಿದು ಕೂತಳು. "ನಂಗೊತ್ತಿತ್ತು ಕಣೇ. ಮೊನ್ನೆ ಬೆಳಿಗ್ಗೆ ಮೇಡಂ ಬರೋಕ್ಮುಂಚೆ ನೀನು ರೇಡಿಯೋ ಹಾಡು ಒಂದಕ್ಷರ ತಪ್ಪದೆ ಹಾಡ್ತಿದ್ದೆ. ಗೋಡೆ ಇರೋದು ನಿಂಗೊಬ್ಬಳಿಗೇನಾ? ಯಾಕೆ ಮಾಡ್ದೆ ಈ ನಾಟಕ?"

"ನಿನ್ನ ಮನೇಲಿ ಅವಳು ನಗ್ತಾಳೆ," ಎಂದಳು ದೂಜಾ. ಇಷ್ಟು ವರ್ಷದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಬೆಯ್ಯಾ ಕೇಳಿರಲಿಲ್ಲ. "ನನ್ನ ಮನೇಲಿ ನೆಲ ಒರೆಸಿ, ಮಾತ್ರೆ ಕೊಟ್ಟು ಹೊರಟೋಗ್ತಾಳೆ."

ಬೆಯ್ಯಾ ತನ್ನ ಸೊಟ್ಟ ಬೆರಳುಗಳನ್ನು ಮುಂದೆ ಚಾಚಿದಳು.

"ಅವಳು ನನ್ನ ಬಟ್ಟೆ ಬಿಚ್ತಾಳೆ, ದೂಜಾ. ಎಲ್ಲಾನೂ. ಮಗೂನ ತೊಳೆದಂಗೆ ತೊಳೀತಾಳೆ. ನನ್ನ ಗಂಡ ಕೂಡಾ ನನ್ನನ್ನ ಬೆಳಕಲ್ಲಿ ಹಂಗೆ ನೋಡಿರ್ಲಿಲ್ಲ. ಮೊದಲ ತಿಂಗಳು ಅವಳು ಬಂದಾಗೆಲ್ಲ ಅತ್ತೆ. ಆಮೇಲೆ ಅವಳೇ ಏನಾದ್ರೂ ಹೇಳಿ ನಗಿಸೋಕೆ ಶುರು ಮಾಡಿದ್ಲು. ನಗದಿದ್ರೆ ನಾನು ಅಳ್ತೀನಿ. ಬೇಕಾ ನಿಂಗೆ ಈ ನಗು? ತಗೋ, ಬೆರಳೂ ತಗೋ."

ದೂಜಾ ಎದ್ದು ಚಹಾ ಕಾಸಿದಳು. ಲೋಟ ಹಿಡಿದು ಕುಡಿಸಲು ಹೋದಾಗ ಬೆಯ್ಯಾ, "ಬಿಸಿ ಕಣೇ, ಕೊಲ್ತೀಯಾ?" ಎಂದು ಬೈದಳು.

ಗುರುವಾರ ದೂಜಾ ತಾನೇ ಬಾಗಿಲಲ್ಲಿ ನಿಂತು ಎಲ್ಲವನ್ನೂ ರಫೀಕಾಳಿಗೆ ಹೇಳಿದಳು. ರಫೀಕಾ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ನಮ್ಮಮ್ಮ ಹೋಗಿದ್ದು ಹಂಗೇ, ಲೆಲ್ಲಾ. ಕೊನೇಲಿ ನನ್ನ ಗುರುತೇ ಇರ್ಲಿಲ್ಲ. ಅದನ್ನ ಆಟ ಮಾಡ್ಕೊಂಡ್ರಾ?"

ಅಲ್ಲೇ ನಿಂತು ಶೆರೀಫಾ ಮೇಡಂಗೆ ಫೋನು ಮಾಡಿದಳು. ಮರುದಿನ ಮೇಡಂ ಬಂದು, ವೈದ್ಯರನ್ನೂ ಕರೆತಂದು, ಹಳೇ ಪ್ರಶ್ನೆಗಳನ್ನೆಲ್ಲ ಮತ್ತೆ ಕೇಳಿದರು. ವೃದ್ಧಾಶ್ರಮದ ಮಾತು ನಿಂತಿತು. ಮುಕ್ಕಾಲು ಗಂಟೆ ಮುಕ್ಕಾಲು ಗಂಟೆಯಾಗಿಯೇ ಉಳಿಯಿತು. ಮೂರು ವಾರ ರಫೀಕಾ ಕೆಲಸ ಮಾಡಿದಳು, ಹೋದಳು. ಕೆಲಸಕ್ಕೆ ಬೇಕಾದಷ್ಟನ್ನು ಬಿಟ್ಟು ಮಾತಿಲ್ಲ.

ನಾಲ್ಕನೆಯ ಸೋಮವಾರ ದೂಜಾ ಕುರ್ಚಿಯೊಂದನ್ನು ಎಳೆದುಕೊಂಡು ಬೆಯ್ಯಾಳ ಮನೆಗೆ ಹೋಗಿ, ಬಚ್ಚಲಿನ ಮುಚ್ಚಿದ ಬಾಗಿಲ ಹೊರಗೆ ಕೂತಳು. ಒಳಗೆ ನೀರು ಬೀಳುತ್ತಿದ್ದಂತೆ, ನಮ್ಮ ಓಣಿಯ ದೊಡ್ಡ ಮನುಷ್ಯರೆಲ್ಲ ಹುಟ್ಟುವಾಗ ಹೇಗಿದ್ದರು, ಯಾರ ತಲೆ ಕುಂಬಳಕಾಯಿಯಂತಿತ್ತು, ಯಾರು ಹುಟ್ಟುತ್ತಲೇ ತನ್ನ ಮೈಮೇಲೆ ಉಚ್ಚೆ ಹೊಯ್ದರು ಎಂದು ಒಂದೊಂದಾಗಿ ಬಿಚ್ಚಿಟ್ಟಳು. ಬೆಯ್ಯಾ ನಕ್ಕು ನಕ್ಕು ಕೆಮ್ಮಿದಳು. ಕೊನೆಗೆ ರಫೀಕಾಳ ನಗುವೂ ಕೇಳಿಸಿತು.

ಅಂದಿನಿಂದ ಅದೇ ರೂಢಿಯಾಯಿತು. ಹೊಟ್ಟೆಕಿಚ್ಚು ಪೂರ್ತಿ ಆರಿತೇ ಎಂದು ಒಮ್ಮೆ ನಾನು ಕೇಳಿದೆ.

"ಎಲ್ಲಿ ಆರತ್ತೆ?" ಎಂದಳು ದೂಜಾ. "ಬೆಯ್ಯಾಳ ತಲೆ ಒರೆಸೋವಾಗ ರಫೀಕಾ 'ನನ್ನ ಬಂಗಾರ' ಅಂತಾಳೆ, ಗೊತ್ತಾ? ನಂಗೆ ಇನ್ನೂ ಒಂದು ಸಲಾನೂ ಅಂದಿಲ್ಲ."