ಸ್ವಲ್ಪ ಉರಿಯುತ್ತೆ ಅಷ್ಟೇ
ನನ್ನಕ್ಕ ಕೋಟು ಹೊಲಿಯುವವಳು. ಬಲಗಣ್ಣು ಯಾವಾಗಲೋ ಹೋಗಿತ್ತು. ಎಡಗಣ್ಣಿಗೆ ಎಂಟು ತಿಂಗಳ ಹಿಂದೆ, ಸತ್ತ ಯಾರೋ ಪುಣ್ಯಾತ್ಮರ ಕಾರ್ನಿಯಾ ಕೂರಿಸಿದ್ದರು. ಮತ್ತೆ ಸೂಜಿಗೆ ದಾರ ಪೋಣಿಸಿದ ದಿನ ಅಂಗಡಿಯಲ್ಲೇ ಕೂತು ಅತ್ತಿದ್ದಳು.

ಅವಳ ಮಗಳ ಪದವಿ ಸಮಾರಂಭಕ್ಕೆ ಗುಂಗುರು ಕೂದಲು ನೇರ ಮಾಡಿಸಿಕೋ ಅಂತ ಅಕ್ಕನನ್ನು ಪಾರ್ಲರಿಗೆ ಎಳೆದುಕೊಂಡು ಹೋದವಳು ನಾನೇ. ಕುರ್ಚಿಯಲ್ಲಿ ಕೂರುವ ಮೊದಲೇ ಅಕ್ಕ ಹೇಳಿದಳು: "ನಂಗೆ ಕಣ್ಣಿನ ಆಪರೇಷನ್ ಆಗಿದೆ. ಡಾಕ್ಟರನ್ನ ಒಂದು ಮಾತು ಕೇಳ್ಕೊಂಡು ಬರ್ಲಾ?"

"ಅಯ್ಯೋ ಮೇಡಂ, ನಾವು ಹಚ್ಚೋದು ಕೂದಲಿಗೆ, ಕಣ್ಣಿಗಲ್ಲ!" ಪಾರ್ಲರಿನವಳು ನಕ್ಕಳು. ನಾನೂ ನಕ್ಕೆ. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕ್ರೀಮ್ ಹಚ್ಚಿದ ಕೂದಲ ಮೇಲೆ ಕಾದ ಸ್ಟ್ರೈಟ್ನರ್ ಎಳೆದಂತೆಲ್ಲ ಘಾಟು ಹೊಗೆ ಎದ್ದಿತು. ಕಿಟಕಿ ಮುಚ್ಚಿತ್ತು.

"ಕಣ್ಣು ಉರೀತಿದೆ, ನಿಲ್ಸಿ" ಅಂದಳು ಅಕ್ಕ.

"ಸ್ವಲ್ಪ ಉರಿಯುತ್ತೆ ಅಷ್ಟೇ. ಅರ್ಧ ಆಗೋಯ್ತು."

ಅಕ್ಕ ಮೂರು ಸಲ ಹೇಳಿದಳು. ಆಮೇಲೆ ಹೊದಿಸಿದ್ದ ಬಟ್ಟೆ ಕಿತ್ತೆಸೆದು, ಗೋಡೆ ತಡವುತ್ತಾ ನಲ್ಲಿ ಹುಡುಕಿದಳು. ಕಣ್ಣು ಕೆಂಡವಾಗಿತ್ತು.

ಆಸ್ಪತ್ರೆಯಲ್ಲಿ ಕಣ್ಣು ತೊಳೆದ ಡಾಕ್ಟರು ನನ್ನ ಕಡೆ ತಿರುಗಿದರು. "ಕಾರ್ನಿಯಾ ಉಳಿಯುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲ. ಒಂದು ಫೋನ್ ಮಾಡಿ ಕೇಳಕ್ಕೆ ಏನಾಗಿತ್ತು ನಿಮಗೆ?"

ಐದು ವಾರ ಗಂಟೆಗೊಮ್ಮೆ ಹನಿ, ಪರದೆ ಎಳೆದ ಕೋಣೆ. ಸಮಾರಂಭ ತಪ್ಪಿತು. ಕಾರ್ನಿಯಾ ಉಳಿಯಿತು, ದೃಷ್ಟಿ ಮಾತ್ರ ಮಂಜಾಯಿತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಅವಳಿಗೀಗ ಕಾಣುವುದಿಲ್ಲ.

ಹೊರಗೆ ಓಡಾಡಬಹುದು ಅಂತ ಡಾಕ್ಟರು ಹೇಳಿದ ಮಾರನೆಯ ದಿನವೇ ಅಕ್ಕ ನನ್ನನ್ನು ಕರೆದುಕೊಂಡು ಪಾರ್ಲರಿಗೆ ಹೊರಟಳು. ಬಾಗಿಲಾಚೆಯೇ ನಿಂತು, "ಹೋಗು, ಆ ಕ್ರೀಮ್ ಡಬ್ಬಿ ತಗೊಂಡು ಬಾ. ಜೋರಾಗಿ ಓದು" ಅಂದಳು.

ಓದಿದೆ: "ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಬಳಸಬಾರದು. ಗಾಳಿಯಾಡುವ ಕೋಣೆಯಲ್ಲಿ ಮಾತ್ರ ಬಳಸಿ."

"ಇಷ್ಟು ಸಣ್ಣಕ್ಷರ ಯಾರು ಓದ್ತಾರೆ?" ಪಾರ್ಲರಿನವಳು ಗೊಣಗಿದಳು.

"ನಾನು ಬಾಯಲ್ಲಿ ಹೇಳಿದ್ನಲ್ಲ!" ಅಕ್ಕನ ದನಿಗೆ ಬೀದಿಯವರೆಲ್ಲ ತಿರುಗಿದರು. "ಮೂರು ಸಲ ನಿಲ್ಸು ಅಂದೆ. ಅದೂ ಸಣ್ಣಕ್ಷರದಲ್ಲಿತ್ತಾ?"

ಒಳಗೆ ತಲೆಗೆ ಕ್ರೀಮ್ ಮೆತ್ತಿಸಿಕೊಂಡಿದ್ದ ಹೆಂಗಸು ಎದ್ದು ನಿಂತಳು. "ನಂಗೆ ಬೇಡ. ಈಗಲೇ ತೊಳೀರಿ."

ಅಲ್ಲಿಂದ ಸೀದಾ ಆರೋಗ್ಯ ಕಚೇರಿಗೆ ಹೋದೆವು. ಅಕ್ಕ ಹೇಳಿದಳು, ನಾನು ದೂರು ಬರೆದೆ. ನಾನು ನಕ್ಕಿದ್ದನ್ನೂ ಬರೆಸಿದಳು. ಪಾರ್ಲರಿಗೆ ಹದಿನೈದು ದಿನ ಬೀಗ ಬಿತ್ತು.

"ಬರೀ ಹದಿನೈದಾ?" ಅಂದಳು ಅಕ್ಕ, ಮತ್ತೊಂದು ದೂರಿಗೆ ಹಾಳೆ ತರಿಸಿದಳು. ನನ್ನ ಮೇಲಿನ ಸಿಟ್ಟೂ ಇಳಿದಿಲ್ಲ. ಇಳಿಸಿಕೋ ಅಂತ ನಾನೂ ಕೇಳಿಲ್ಲ.